ಆಳವಿಲ್ಲದ ಸೊಂಟದ ಕೀಲು ಮತ್ತು ಸೋತ ಸ್ನಾಯುಗಳು: ಎಳೆಯಬೇಕೇ, ಬಲಪಡಿಸಬೇಕೇ, ಶಸ್ತ್ರಚಿಕಿತ್ಸೆಗೆ ಒಪ್ಪಬೇಕೇ?

ಪ್ರಶ್ನೆ: ನನಗೆ 34 ವರ್ಷ. ಎರಡು ವರ್ಷಗಳಿಂದ ಬಲ ತೊಡೆಸಂದಿನಲ್ಲಿ ನೋವಿದೆ. ಈಚಿನ ಆರೇಳು ತಿಂಗಳಿಂದ ಅದು ಸೊಂಟದ ಹೊರಬದಿಗೂ ಹರಡಿದ್ದು, ಬಲ ಮಗ್ಗುಲಿಗೆ ಮಲಗಲು ಆಗುತ್ತಿಲ್ಲ. ಬೆಳಿಗ್ಗೆ ನೆಟ್ಟಗೆ ನಡೆಯುವವಳು ಸಂಜೆಯ ಹೊತ್ತಿಗೆ ಕುಂಟುತ್ತೇನೆಂದು ಮನೆಯವರು ಹೇಳುತ್ತಾರೆ. ಎಕ್ಸ್‌ರೇ ನೋಡಿದ ವೈದ್ಯರು ಹಿಪ್ ಡಿಸ್‌ಪ್ಲೇಸಿಯಾ (ಸೊಂಟದ ಕೀಲಿನ ಬಟ್ಟಲಿಗೆ ಸಾಕಷ್ಟು ಆಳವಿಲ್ಲದಿರುವುದು) ಇದೆ, ಸೆಂಟರ್‌–ಎಡ್ಜ್ ಕೋನ 17 ಡಿಗ್ರಿ ಮಾತ್ರ, ಆದರೆ ಕೀಲು ಇನ್ನೂ ಸವೆದಿಲ್ಲ ಎಂದರು. ಎಂಆರ್‌ಐ ವರದಿಯಲ್ಲಿ ಲಾಬ್ರಮ್ (ಬಟ್ಟಲಿನ ಅಂಚಿನ ಉಂಗುರ) ಹರಿದಿದೆ, ಸೊಂಟದ ಹೊರಬದಿಯ ಗ್ಲೂಟಿಯಸ್ ಮೀಡಿಯಸ್ ಸ್ನಾಯುರಜ್ಜು ದಪ್ಪವಾಗಿದೆ, ಗ್ಲೂಟಿಯಸ್ ಮಿನಿಮಸ್‌ನಲ್ಲಿ ಅಲ್ಪ ಪ್ರಮಾಣದ ಕೊಬ್ಬು ಕಾಣುತ್ತಿದೆ ಎಂದಿದೆ. ಒಬ್ಬ ಫಿಸಿಯೋಥೆರಪಿಸ್ಟ್ ಸೊಂಟದ ಮುಂಭಾಗದ ಸ್ನಾಯು ಬಿಗಿದಿದೆ, ದಿನವೂ ಎಳೆಯಿರಿ (ಸ್ಟ್ರೆಚಿಂಗ್ ಮಾಡಿ) ಎಂದರು. ಎಳೆದಷ್ಟೂ ನೋವು ಹೆಚ್ಚಾಯಿತು. ಜಿಮ್ ತರಬೇತುದಾರರು ಸ್ನಾಯು ಗಟ್ಟಿಯಾದರೆ ಕೀಲು ತಾನಾಗಿಯೇ ಸರಿಹೋಗುತ್ತದೆ ಎನ್ನುತ್ತಾರೆ. ಶಸ್ತ್ರವೈದ್ಯರು ಬಟ್ಟಲಿನ ಮೂಳೆಯನ್ನು ಕತ್ತರಿಸಿ ತಿರುಗಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸಲು ಹೇಳಿದ್ದಾರೆ. ವರ್ಷಗಟ್ಟಲೆ ಕುಳಿತು ಕೆಲಸ ಮಾಡಿದ್ದರಿಂದ ಸ್ನಾಯು ಸೋತು ಹೀಗಾಯಿತೇ? ಕೊಬ್ಬು ಸೇರಿದ ಸ್ನಾಯು ಮೊದಲಿನಂತೆ ಆಗುತ್ತದೆಯೇ? ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರೆ ನಷ್ಟವೇನು?

ಉತ್ತರ: ನಿಮಗೆ ಸಿಕ್ಕ ಮೂರು ಸಲಹೆಗಳಲ್ಲಿ ಎರಡಕ್ಕೆ ತಳಹದಿ ಒಂದೇ. ಒಬ್ಬರಿಗೆ ನಿಮ್ಮ ಸ್ನಾಯು ಬಿಗಿದಂತೆ ಕಂಡಿದೆ, ಇನ್ನೊಬ್ಬರಿಗೆ ಸೋತಂತೆ ಕಂಡಿದೆ. ಇಬ್ಬರೂ ದೋಷವನ್ನು ಸ್ನಾಯುವಿನ ಮೇಲೆ ಹೊರಿಸಿದ್ದಾರೆ. ನಿಮ್ಮ ಮನಸ್ಸಿನಲ್ಲೂ ಅದೇ ಅಳುಕು ಉಳಿದಿರುವುದು ಪ್ರಶ್ನೆಯ ಧಾಟಿಯಲ್ಲೇ ತಿಳಿಯುತ್ತದೆ. ಡಿಸ್‌ಪ್ಲೇಸಿಯಾ ಇರುವ ವಯಸ್ಕರನ್ನು ನೋಡುತ್ತ ಬಂದವನಾಗಿ ನಾನು ಹೇಳುವುದು ಇಷ್ಟು: ಇಂಥ ಕೀಲಿನ ಸುತ್ತಲಿನ ಸ್ನಾಯುಗಳು ಮೂಳೆ ಮಾಡಬೇಕಾಗಿದ್ದ ಕೆಲಸವನ್ನೂ ತಾವೇ ಹೊತ್ತುಕೊಂಡಿರುತ್ತವೆ. ಒಂದು ಸ್ನಾಯುವನ್ನು ಎಳೆಯಬೇಕೇ, ಬಲಪಡಿಸಬೇಕೇ, ಸಡಿಲಿಸಬೇಕೇ ಎಂದು ನಿರ್ಧರಿಸುವ ಮೊದಲು ಅದು ಅಲ್ಲಿ ಯಾವ ಕೊರತೆಯನ್ನು ತುಂಬುತ್ತಿದೆ ಎಂದು ಕೇಳಿಕೊಳ್ಳಬೇಕು. ಈ ಪ್ರಶ್ನೆಯನ್ನು ಕೇಳದೆ ಕೊಟ್ಟ ಚಿಕಿತ್ಸೆಯೇ ನಿಮ್ಮ ನೋವನ್ನು ಹೆಚ್ಚಿಸಿದೆ ಎಂಬುದು ನನ್ನ ಅನುಮಾನ.

ಮೊದಲು ಮೂಳೆಯ ವಿಚಾರ. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ದುಂಡಗಿನ ತಲೆ ಶ್ರೋಣಿ (ಪೆಲ್ವಿಸ್) ಮೂಳೆಯ ಬಟ್ಟಲಿನೊಳಗೆ ಕೂತಿರುತ್ತದೆ. ಡಿಸ್‌ಪ್ಲೇಸಿಯಾದಲ್ಲಿ ಆ ಬಟ್ಟಲಿಗೆ ಸಾಕಷ್ಟು ಆಳವಿರುವುದಿಲ್ಲ, ಅದರ ಛಾವಣಿ ಹೊರಕ್ಕೂ ಮುಂದಕ್ಕೂ ಚಾಚಬೇಕಾದಷ್ಟು ಚಾಚಿರುವುದಿಲ್ಲ, ಹಲವೊಮ್ಮೆ ಓರೆಯಾಗಿಯೂ ಇರುತ್ತದೆ. ನಿಮ್ಮ ವರದಿಯಲ್ಲಿರುವ ಕೋನವನ್ನು ಸ್ವೀಡನ್ನಿನ ವೈದ್ಯ ವೈಬರ್ಗ್ 1939ರಲ್ಲಿ ವಿವರಿಸಿದರು. ತಲೆಯ ಮಧ್ಯಬಿಂದುವಿನಿಂದ ನೇರ ಮೇಲಕ್ಕೆ ಒಂದು ಗೆರೆ, ಬಟ್ಟಲಿನ ಹೊರ ಅಂಚಿಗೆ ಇನ್ನೊಂದು ಗೆರೆ ಎಳೆದರೆ ಅವೆರಡರ ನಡುವೆ ಬರುವ ಕೋನ ಅದು. 25 ಡಿಗ್ರಿಗಿಂತ ಹೆಚ್ಚಿದ್ದರೆ ಸಾಮಾನ್ಯ, 20ಕ್ಕಿಂತ ಕಡಿಮೆಯಿದ್ದರೆ ಡಿಸ್‌ಪ್ಲೇಸಿಯಾ, ನಡುವಿನದು ಗಡಿರೇಖೆ ಎಂದು ವಾಡಿಕೆಯಲ್ಲಿ ಗಣಿಸುತ್ತೇವೆ. ನಿಮ್ಮ 17 ಡಿಗ್ರಿ ಡಿಸ್‌ಪ್ಲೇಸಿಯಾದ ವ್ಯಾಪ್ತಿಯಲ್ಲೇ ಇದೆ, ಆದರೆ ತೀರಾ ತೀವ್ರವಾದದ್ದಲ್ಲ. ಬಟ್ಟಲಿನ ಈ ಆಕಾರ ಶೈಶವದಿಂದ ಹದಿಹರೆಯದವರೆಗಿನ ಬೆಳವಣಿಗೆಯಲ್ಲಿ ರೂಪುಗೊಂಡಿರುತ್ತದೆ. ಹೆಣ್ಣುಮಕ್ಕಳಲ್ಲಿ, ಗರ್ಭದಲ್ಲಿ ತಲೆ ಮೇಲಾಗಿ ಕುಳಿತಿದ್ದ ಮಕ್ಕಳಲ್ಲಿ, ಕುಟುಂಬದಲ್ಲಿ ಬೇರೆಯವರಿಗೂ ಈ ತೊಂದರೆ ಇದ್ದವರಲ್ಲಿ ಇದು ಹೆಚ್ಚು. ನಿಮ್ಮ ಕುರ್ಚಿಗೂ ಕಚೇರಿಗೂ ಇದರಲ್ಲಿ ಯಾವ ಪಾತ್ರವೂ ಇಲ್ಲ. ಕುಳಿತೇ ಇರುವ ಬದುಕು ಸ್ನಾಯುವಿನ ತಾಳಿಕೆಯನ್ನು ಕುಗ್ಗಿಸಿ ನೋವು ಸ್ವಲ್ಪ ಬೇಗ ಹೊರಬೀಳುವಂತೆ ಮಾಡಿರಬಹುದು, ಅಷ್ಟೇ.

ಇನ್ನು ಸ್ನಾಯುವಿಗೆ ಬರೋಣ. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಸ್ವಲ್ಪ ಹೊತ್ತು ನಾವು ಒಂಟಿ ಕಾಲಿನ ಮೇಲಿರುತ್ತೇವೆ. ಆಗ ಶ್ರೋಣಿಯ ಇನ್ನೊಂದು ಬದಿ ಕೆಳಕ್ಕೆ ಜಾರದಂತೆ ಹಿಡಿದಿಡುವವು ನಿಂತ ಕಾಲಿನ ಹೊರಬದಿಯ ಸ್ನಾಯುಗಳು. ಗ್ಲೂಟಿಯಸ್ ಮೀಡಿಯಸ್, ಅದರಡಿಯ ಗ್ಲೂಟಿಯಸ್ ಮಿನಿಮಸ್, ಮುಂದಿನ ಅಂಚಿನಲ್ಲಿರುವ ಟೆನ್ಸರ್ ಫ್ಯಾಷಿಯಾ ಲೇಟಾ ಈ ಗುಂಪಿನ ಮುಖ್ಯ ಸದಸ್ಯರು. ಇದನ್ನು ಒಂದು ತಕ್ಕಡಿಯಂತೆ ಭಾವಿಸಿ: ಕೀಲು ಅದರ ಆಧಾರಬಿಂದು, ಒಳಬದಿಯ ಉದ್ದನೆಯ ತೋಳಿನ ತುದಿಗೆ ದೇಹದ ಭಾರ ತೂಗುತ್ತಿದೆ, ಹೊರಬದಿಯ ಗಿಡ್ಡ ತೋಳಿನಲ್ಲಿ ಸ್ನಾಯು ಎಳೆಯುತ್ತಿದೆ. ತೋಳು ಗಿಡ್ಡವಾದಷ್ಟೂ ಎಳೆತ ಹೆಚ್ಚಬೇಕು. ಜರ್ಮನಿಯ ಫ್ರೀಡ್ರಿಶ್ ಪೌವೆಲ್ಸ್ ಎಂಬ ಶಸ್ತ್ರವೈದ್ಯರು ಕಳೆದ ಶತಮಾನದಲ್ಲಿ ಸೊಂಟದ ಕೀಲಿನ ಲೆಕ್ಕಾಚಾರವನ್ನು ಈ ನೆಲೆಯ ಮೇಲೆಯೇ ಕಟ್ಟಿದರು.

ಅಂದಾಜಿಗೆ ಒಂದು ಲೆಕ್ಕ ನೋಡೋಣ. 60 ಕಿಲೋ ತೂಕದ ವ್ಯಕ್ತಿ ಒಂಟಿ ಕಾಲಲ್ಲಿ ನಿಂತಾಗ, ಆ ಕಾಲಿನ ತೂಕವನ್ನು ಕಳೆದರೆ ಸುಮಾರು 50 ಕಿಲೋ ಭಾರ ಕೀಲಿನ ಮೇಲಿರುತ್ತದೆ. ಭಾರದ ತೋಳು ಸ್ನಾಯುವಿನ ತೋಳಿಗಿಂತ ಎರಡು ಪಟ್ಟು ಉದ್ದವಿದ್ದರೆ ಸ್ನಾಯು 100 ಕಿಲೋದಷ್ಟು ಬಲದಿಂದ ಎಳೆಯಬೇಕು. ಎರಡೂ ಸೇರಿ ಕೀಲಿನ ಮೇಲೆ ಬೀಳುವ ಒತ್ತಡ 150 ಕಿಲೋ. ಡಿಸ್‌ಪ್ಲೇಸಿಯಾದಲ್ಲಿ ತೊಡೆಮೂಳೆಯ ತಲೆ ಹೊರಕ್ಕೆ ಸರಿದಿರುತ್ತದೆ, ಕೆಲವರಲ್ಲಿ ತೊಡೆಮೂಳೆಯ ಕತ್ತು ಹೆಚ್ಚು ನೆಟ್ಟಗಿರುತ್ತದೆ. ಹೀಗಾಗಿ ಭಾರದ ತೋಳು ಉದ್ದವಾಗಿ ಸ್ನಾಯುವಿನ ತೋಳು ಗಿಡ್ಡವಾಗುತ್ತದೆ. ಆ ಅನುಪಾತ ಎರಡರಿಂದ ಎರಡೂವರೆಗೆ ಏರಿದರೂ ಸಾಕು, ಸ್ನಾಯುವಿನ ಎಳೆತ 125 ಕಿಲೋಗೂ ಕೀಲಿನ ಒತ್ತಡ 175 ಕಿಲೋಗೂ ಏರುತ್ತದೆ. ಇಷ್ಟು ಒತ್ತಡ ಬೀಳುವುದು ಮೊದಲೇ ಕಿರಿದಾದ ಛಾವಣಿಯ ಅಂಚಿನ ಮೇಲೆ. ಅಂಚಿನ ಸುತ್ತ ಉಂಗುರದಂತಿರುವ ಲಾಬ್ರಮ್ ದಪ್ಪಗಾಗಿ ಕೊನೆಗೆ ಹರಿಯುವುದು ಇದರಿಂದ. ಸ್ನಾಯುವಿನ ಪಾಲಿಗಾದರೋ ಪ್ರತಿ ಹೆಜ್ಜೆಯೂ ಬೇರೆಯವರಿಗಿಂತ ಕಾಲು ಭಾಗ ಹೆಚ್ಚು ದುಡಿಮೆ. ಈ ಅಂಕಿಗಳು ಕೇವಲ ವಿವರಣೆಗೆ. ನಿಮ್ಮ ಕೀಲಿನ ನಿಜವಾದ ಅನುಪಾತ ಇದಕ್ಕಿಂತ ಭಿನ್ನವಿರಬಹುದು.

ನೀವು ಬೆಳಿಗ್ಗೆ ನೆಟ್ಟಗೆ ನಡೆದು ಸಂಜೆ ಕುಂಟುವುದರ ಗುಟ್ಟು ಇಲ್ಲಿದೆ. ನಿಮ್ಮ ಸ್ನಾಯುವಿನಲ್ಲಿ ಶಕ್ತಿ ಇಲ್ಲವೆಂದಲ್ಲ, ಇರುವ ಶಕ್ತಿ ದಿನವಿಡೀ ಸಾಲುವುದಿಲ್ಲ. 1895ರಲ್ಲಿ, ಎಕ್ಸ್‌ರೇ ಇನ್ನೂ ಪತ್ತೆಯಾಗುವ ಮೊದಲೇ, ಫ್ರೀಡ್ರಿಶ್ ಟ್ರೆಂಡೆಲೆನ್‌ಬರ್ಗ್ ಎಂಬ ಶಸ್ತ್ರವೈದ್ಯರು ಹುಟ್ಟಿನಿಂದ ಸೊಂಟದ ಕೀಲು ತಪ್ಪಿದವರ ನಡಿಗೆಯನ್ನು ಗಮನಿಸಿ, ಆ ಓಲಾಟಕ್ಕೆ ಕಾರಣ ಹೊರಬದಿಯ ಸ್ನಾಯುಗಳು ಶ್ರೋಣಿಯನ್ನು ಎತ್ತಿಹಿಡಿಯಲಾರದೆ ಹೋಗುವುದು ಎಂದು ತೋರಿಸಿದ್ದರು. ಅವರ ಹೆಸರಿನ ಪರೀಕ್ಷೆಯನ್ನು ಇಂದಿಗೂ ಮಾಡುತ್ತೇವೆ. ಒಂಟಿ ಕಾಲಲ್ಲಿ ನಿಂತಾಗ ಎದುರು ಬದಿಯ ಶ್ರೋಣಿ ಕುಸಿದರೆ ಪರೀಕ್ಷೆ ಧನಾತ್ಮಕ. ಡಿಸ್‌ಪ್ಲೇಸಿಯಾ ಇರುವ ಯುವಜನರನ್ನು ಎರಡು ಕ್ಷಣ ನಿಲ್ಲಿಸಿ ಬಿಟ್ಟರೆ ಏನೂ ಕಾಣಿಸದೆ ಹೋಗಬಹುದು; ಪೂರ್ತಿ 30 ಸೆಕೆಂಡು ನಿಲ್ಲಿಸಿದರೆ ಕೊನೆಯಲ್ಲಿ ಶ್ರೋಣಿ ನಿಧಾನಕ್ಕೆ ಇಳಿಯುವುದು ಕಾಣುತ್ತದೆ. ನಿಮ್ಮನ್ನು ಬೆಳಿಗ್ಗೆಯಷ್ಟೇ ಪರೀಕ್ಷಿಸಿದ್ದರೆ, ಮುಂದಿನ ಬಾರಿ ಸಂಜೆಯ ಸಮಯ ಕೇಳಿಕೊಳ್ಳಿ. ಇನ್ನು ಕೆಲವರು ಶ್ರೋಣಿ ಕುಸಿಯಲು ಬಿಡದೆ ಮೈಯನ್ನೇ ನೋವಿನ ಬದಿಗೆ ವಾಲಿಸಿ ನಡೆಯುತ್ತಾರೆ. ದೇಹದ ಭಾರ ಕೀಲಿನ ಸಮೀಪಕ್ಕೆ ಬಂದು ಸ್ನಾಯುವಿಗೆ ಬಿಡುವು ಸಿಗುತ್ತದೆ, ಆದರೆ ಬೆನ್ನಿನ ಕೆಳಭಾಗ ಅದರ ಬೆಲೆ ತೆರುತ್ತದೆ. ಹಾಗೆ ನಡೆಯಬೇಡಿ ಎಂದು ಗದರಿಸುವುದರಿಂದ ಏನೂ ಆಗದು; ವಾಲುವ ಅಗತ್ಯವನ್ನೇ ಕಡಿಮೆ ಮಾಡಬೇಕು.

ಕೀಲಿನ ಮುಂಭಾಗದ ಕಥೆ ಬೇರೆ, ನಿಮ್ಮ ವಿಷಯದಲ್ಲಿ ಹೆಚ್ಚು ಮುಖ್ಯವಾದದ್ದೂ ಅದೇ. ಬಟ್ಟಲು ಮುಂದೆ ಸಾಕಷ್ಟು ಮುಚ್ಚಿಕೊಳ್ಳದಿದ್ದಾಗ ತೊಡೆಮೂಳೆಯ ತಲೆ ಮುಂದಕ್ಕೆ ಜಾರಲು ಹವಣಿಸುತ್ತದೆ. ಅದನ್ನು ಮುಂದಿನಿಂದ ಒತ್ತಿಹಿಡಿಯುವವು ಕೀಲಿನ ಕೋಶ (ಕೀಲನ್ನು ಸುತ್ತಿದ ಚೀಲದಂಥ ಹೊದಿಕೆ) ಮತ್ತು ಅದರ ಮೇಲೆ ಹಾದುಹೋಗುವ, ತೊಡೆ ಎತ್ತುವ ಇಲಿಯೋಪ್ಸೋಸ್ ಸ್ನಾಯು. ಇವೆರಡರ ನಡುವೆ, ಕೀಲಿನ ಕೋಶಕ್ಕೇ ಅಂಟಿಕೊಂಡಂತೆ, ಇಲಿಯೋಕ್ಯಾಪ್ಸುಲಾರಿಸ್ ಎಂಬ ಸಣ್ಣ ಸ್ನಾಯುವೊಂದಿದೆ. ಬಹಳಷ್ಟು ಪಠ್ಯಗಳು ಅದನ್ನು ಹೆಸರಿಸುವ ಗೋಜಿಗೂ ಹೋಗುವುದಿಲ್ಲ. ಸ್ವಿಟ್ಜರ್‌ಲ್ಯಾಂಡಿನ ಬರ್ನ್‌ನ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಟ್ಟಲು ಅತಿಯಾಗಿ ಮುಚ್ಚಿಕೊಂಡ ಕೀಲುಗಳಿಗಿಂತ ಡಿಸ್‌ಪ್ಲೇಸಿಯಾ ಇರುವ ಕೀಲುಗಳಲ್ಲಿ ಈ ಸ್ನಾಯು ದಪ್ಪವಾಗಿಯೂ ಕಡಿಮೆ ಕೊಬ್ಬಿನಿಂದಲೂ ಕೂಡಿರುವುದು ಕಂಡುಬಂತು. ಮೂಳೆಯ ಆಸರೆ ಕಡಿಮೆಯಾದ ಕಡೆ ಸ್ನಾಯು ಬೆಳೆದು ನಿಂತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ನಿಮ್ಮ ಫಿಸಿಯೋಥೆರಪಿಸ್ಟ್ ಕೈಯಿಟ್ಟಾಗ ಸಿಕ್ಕ ಬಿಗಿತ ನಿಜವೇ. ಆದರೆ ಅದು ಕುಗ್ಗಿಹೋದ ಸ್ನಾಯುವಿನ ಬಿಗಿತವಲ್ಲ, ಕೀಲನ್ನು ಕಾಯುತ್ತ ಸದಾ ಎಚ್ಚರವಾಗಿರುವ ಸ್ನಾಯುವಿನ ಬಿಗಿತ. ತೊಡೆಯನ್ನು ಹಿಂದಕ್ಕೆ ಚಾಚಿ ಅದನ್ನು ಎಳೆದಾಗಲೆಲ್ಲ ಎರಡು ಕೆಡುಕು ಒಟ್ಟಿಗೇ ಆಗುತ್ತವೆ: ಕಾವಲು ಸಡಿಲವಾಗುತ್ತದೆ, ತೊಡೆಮೂಳೆಯ ತಲೆ ಹರಿದ ಲಾಬ್ರಮ್ ಇರುವ ಮುಂದಿನ ಅಂಚಿಗೆ ಒತ್ತಿಕೊಳ್ಳುತ್ತದೆ. ಆ ಹೊತ್ತಿಗೆ ಹಿತವೆನಿಸಿದರೂ ಮರುದಿನ ನೋವು ಏರುವುದು ಇದರ ಸಾಮಾನ್ಯ ಲಕ್ಷಣ. ಎಳೆಯುವ ವ್ಯಾಯಾಮವನ್ನು ನೀವು ಇಂದೇ ನಿಲ್ಲಿಸಬಹುದು. ಕೈ ಬೆರಳು, ಮೊಣಕೈ, ಮಂಡಿಗಳು ಹಿಂದಕ್ಕೆ ಅತಿಯಾಗಿ ಬಾಗುವ, ಮೈಯೆಲ್ಲ ಸಡಿಲವಿರುವ ಪ್ರಕೃತಿ ನಿಮ್ಮದಾಗಿದ್ದರೆ ಈ ಮಾತು ಇನ್ನಷ್ಟು ಬಲವಾಗಿ ಅನ್ವಯಿಸುತ್ತದೆ. ಅದನ್ನು ಅಳೆಯಲು ಒಂಬತ್ತು ಅಂಕಗಳ ಬೈಟನ್ ಪರೀಕ್ಷೆ ಎಂಬ ಸರಳ ವಿಧಾನವಿದೆ.

ಹೊರಬದಿಯ ನೋವಿಗೆ ಹೆಚ್ಚು ವಿವರಣೆ ಬೇಕಿಲ್ಲ. ವರ್ಷಗಟ್ಟಲೆ ಅಧಿಕ ಎಳೆತ ಹೊತ್ತ ಗ್ಲೂಟಿಯಸ್ ಮೀಡಿಯಸ್‌ನ ರಜ್ಜು ಮೂಳೆಗೆ ಅಂಟುವ ಜಾಗದಲ್ಲಿ ದಪ್ಪಗಾಗಿ, ನಾರುಗಳು ಕೆಡಲಾರಂಭಿಸುತ್ತವೆ. ಆ ಮಗ್ಗುಲಿಗೆ ಮಲಗಿದಾಗ, ಕಾಲ ಮೇಲೆ ಕಾಲು ಹಾಕಿ ಕೂತಾಗ, ಒಂದೇ ಕಾಲಿಗೆ ಭಾರ ಕೊಟ್ಟು ಸೊಂಟ ಜೋತುಬಿಟ್ಟು ನಿಂತಾಗ ರಜ್ಜು ಮೂಳೆಗೆ ಒತ್ತಿಕೊಂಡು ನೋಯುತ್ತದೆ. ಡೆನ್ಮಾರ್ಕ್‌ನಲ್ಲಿ ಡಿಸ್‌ಪ್ಲೇಸಿಯಾ ಇರುವ 100 ಜನರನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇಲಿಯೋಪ್ಸೋಸ್‌ನ ನೋವೂ, ಸುಮಾರು ಹತ್ತರಲ್ಲಿ ನಾಲ್ವರಿಗೆ ಹೊರಬದಿಯ ಸ್ನಾಯುಗಳ ನೋವೂ ಇತ್ತು. ಆದ್ದರಿಂದ ನಿಮ್ಮ ನೋವಿನಲ್ಲಿ ಲಾಬ್ರಮ್‌ನ ಪಾಲೆಷ್ಟು, ಸ್ನಾಯುರಜ್ಜುಗಳ ಪಾಲೆಷ್ಟು ಎಂದು ಬೇರ್ಪಡಿಸುವುದು ಅಗತ್ಯ. ಇದಕ್ಕಾಗಿ ಕೀಲಿನೊಳಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ನೋಡುವುದುಂಟು: ತೊಡೆಸಂದಿನ ನೋವು ಕೆಲವು ಗಂಟೆಗಳ ಕಾಲ ಮಾಯವಾಗಿ ಹೊರಬದಿಯದು ಹಾಗೆಯೇ ಉಳಿದರೆ, ಎರಡಕ್ಕೂ ಮೂಲ ಬೇರೆ ಬೇರೆ ಎಂದರ್ಥ. ಬೆನ್ನುಮೂಳೆಯ ಕೆಳಭಾಗದಲ್ಲಿ ಐದನೆಯ ಸೊಂಟದ ನರ ಒತ್ತಿಹೋದರೂ ಇದೇ ಸ್ನಾಯುಗಳು ಸೋಲುತ್ತವೆ ಎಂಬುದನ್ನು ವೈದ್ಯರು ಮರೆಯಬಾರದು. ಪಾದದ ಮೇಲ್ಭಾಗದಲ್ಲಿ ಜೋಮು ಇದೆಯೇ, ಹೆಬ್ಬೆರಳನ್ನು ಮೇಲಕ್ಕೆತ್ತಲು ಬಲವಿದೆಯೇ ಎಂದು ನೋಡಿದರೆ ಆ ಸಂಶಯ ಬಹುಪಾಲು ಬಗೆಹರಿಯುತ್ತದೆ.

ಈಗ ನಿಮ್ಮನ್ನು ಹೆಚ್ಚು ಕಾಡುತ್ತಿರುವ ಕೊಬ್ಬಿನ ಪ್ರಶ್ನೆ. ಡಿಸ್‌ಪ್ಲೇಸಿಯಾ ಎಂದರೆ ಸ್ನಾಯು ತೆಳುವಾಗಿರಲೇಬೇಕು ಎಂಬ ಊಹೆ ಸರಿಯಲ್ಲ. ಕೀಲು ಇನ್ನೂ ಸವೆಯದ ಹಂತದಲ್ಲಿ ಕೆಲವು ಸ್ನಾಯುಗಳು ಸಾಮಾನ್ಯ ಗಾತ್ರದಲ್ಲೇ ಇರುತ್ತವೆ, ಇಲಿಯೋಕ್ಯಾಪ್ಸುಲಾರಿಸ್‌ನಂತೆ ದೊಡ್ಡದಾಗಿಯೂ ಇರಬಹುದು. ಗಾತ್ರವಿದ್ದೂ ಬಲ ಕಡಿಮೆಯಿರುವುದಕ್ಕೆ ಒಂದು ಕಾರಣ ನೋವು. ಕೀಲಿನೊಳಗೆ ನೋವು ಅಥವಾ ಊತವಿದ್ದಾಗ ನರಮಂಡಲ ಸುತ್ತಲಿನ ಸ್ನಾಯುಗಳಿಗೆ ಪೂರ್ತಿ ಆದೇಶ ಕಳಿಸುವುದಿಲ್ಲ. ನೀವು ಎಷ್ಟೇ ಮನಸ್ಸು ಮಾಡಿದರೂ ಸ್ನಾಯು ಅರೆಮನಸ್ಸಿನಿಂದ ಸಂಕುಚಿಸುತ್ತದೆ. ಈ ಬಗೆಯ ಸೋಲು ನೋವು ತಗ್ಗಿದಂತೆ ತಗ್ಗುತ್ತದೆ. ಬಳಸದೆ ಬಿಟ್ಟು ಬಡಕಲಾದ ಸ್ನಾಯುವೂ ತರಬೇತಿಯಿಂದ ಮತ್ತೆ ಗಾತ್ರ ಪಡೆಯುತ್ತದೆ. ಆದರೆ ನಾರುಗಳ ನಡುವೆ ಹಾಸಿಕೊಂಡ ಕೊಬ್ಬು ಇವೆರಡರಂತಲ್ಲ. ಅದು ಹೆಚ್ಚಿನಂಶ ಹಿಂದಿರುಗದ ಬದಲಾವಣೆ. ಕೀಲು ಸವೆದವರಲ್ಲಿ, ರಜ್ಜು ಪೂರ್ತಿ ಹರಿದವರಲ್ಲಿ, ತೊಡೆಮೂಳೆಯ ತಲೆ ಬಟ್ಟಲಿನಿಂದ ಹೊರಬಿದ್ದು ಮೇಲಕ್ಕೆ ಏರಿದವರಲ್ಲಿ ಗ್ಲೂಟಿಯಸ್ ಮೀಡಿಯಸ್ ಮತ್ತು ಮಿನಿಮಸ್ ಎರಡರಲ್ಲೂ ಇದು ಎದ್ದು ಕಾಣುತ್ತದೆ.

ಹಾಗೆಂದು ನಿಮ್ಮ ವರದಿಯ ಆ ಒಂದು ಸಾಲಿಗೆ ಹೆದರಬೇಕಿಲ್ಲ. ಸ್ನಾಯುವಿನ ಕೊಬ್ಬನ್ನು ಅಳೆಯಲು ಗುಟಾಲಿಯೆ ಶ್ರೇಣಿಯನ್ನು ಬಳಸುವ ರೂಢಿಯಿದೆ. ಭುಜದ ಸ್ನಾಯುಗಳಿಗಾಗಿ 1994ರಲ್ಲಿ ಹೊರಬಂದ ಇದನ್ನು ಸೊಂಟಕ್ಕೂ ಒಗ್ಗಿಸಿಕೊಳ್ಳಲಾಗಿದೆ. ಸೊನ್ನೆ ಎಂದರೆ ಕೊಬ್ಬಿಲ್ಲ, ಒಂದು ಎಂದರೆ ಕೆಲವು ಗೆರೆಗಳು, ಎರಡು ಎಂದರೆ ಸ್ನಾಯುವಿಗಿಂತ ಕಡಿಮೆ ಕೊಬ್ಬು, ಮೂರು ಎಂದರೆ ಸಮಸಮ, ನಾಲ್ಕು ಎಂದರೆ ಸ್ನಾಯುವನ್ನು ಮೀರಿದ ಕೊಬ್ಬು. ‘ಅಲ್ಪ ಪ್ರಮಾಣ’ ಎಂದು ಬರೆದಿರುವುದರಿಂದ ನಿಮ್ಮದು ಒಂದನೆಯ ಮೆಟ್ಟಿಲಿನ ಆಸುಪಾಸಿನಲ್ಲಿರುವ ಸಾಧ್ಯತೆ ಹೆಚ್ಚು. ಗ್ಲೂಟಿಯಸ್ ಮಿನಿಮಸ್‌ನ ಮುಂದಿನ ಭಾಗದಲ್ಲಿ ಇಂಥ ಗೆರೆಗಳು ವಯಸ್ಸಾದಂತೆ ಯಾವ ಕೀಲುನೋವೂ ಇಲ್ಲದವರಲ್ಲೂ ಮೂಡುತ್ತವೆ. ಉಳಿದ ನಾರುಗಳು ತರಬೇತಿಗೆ ಚೆನ್ನಾಗಿಯೇ ಸ್ಪಂದಿಸುತ್ತವೆ. ರೇಡಿಯಾಲಜಿಸ್ಟ್‌ರನ್ನು ಸಂಪರ್ಕಿಸಿ ಶ್ರೇಣಿ ಎಷ್ಟು, ಎಡಬದಿಗೆ ಹೋಲಿಸಿದರೆ ವ್ಯತ್ಯಾಸವಿದೆಯೇ ಎಂದು ಬರೆಸಿಕೊಳ್ಳಿ. ಮುಂದೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ.

ನಿಮ್ಮ ಮುಂದಿರುವ ದಾರಿಗಳಲ್ಲಿ ವ್ಯಾಯಾಮವನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೂ ಬಿಟ್ಟರೂ ಅದು ತಪ್ಪಿದ್ದಲ್ಲ. ತರಬೇತುದಾರರ ಮಾತಿನಲ್ಲಿ ಅರ್ಧ ಸತ್ಯವಿದೆ. ಗಟ್ಟಿಯಾದ ಸ್ನಾಯು ಕೀಲನ್ನು ಚೆನ್ನಾಗಿ ಹಿಡಿದಿಡುತ್ತದೆ, ನೋವು ಕಡಿಮೆ ಮಾಡುತ್ತದೆ, ಕುಂಟುವ ಹೊತ್ತನ್ನು ಮುಂದೂಡುತ್ತದೆ. ಆದರೆ ಬೆಳವಣಿಗೆ ಮುಗಿದ ಮೂಳೆಯ ಬಟ್ಟಲನ್ನು ಯಾವ ವ್ಯಾಯಾಮವೂ ಆಳಗೊಳಿಸದು. 17 ಡಿಗ್ರಿ 17 ಆಗಿಯೇ ಉಳಿಯುತ್ತದೆ. ಆರಂಭದಲ್ಲಿ ಎರಡೂ ಕಾಲು ನೆಲದಲ್ಲಿಟ್ಟು ಮಾಡುವ ವ್ಯಾಯಾಮಗಳು ಸಾಕು: ಬೆನ್ನ ಮೇಲೆ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದು, ಗೋಡೆಗೆ ತೊಡೆಯ ಹೊರಬದಿಯನ್ನು ಒತ್ತಿ ಕೆಲವು ಸೆಕೆಂಡು ಹಾಗೆಯೇ ಹಿಡಿಯುವುದು. ನೋವು ಏರದಿದ್ದರೆ ಎಡ ಮಗ್ಗುಲಿಗೆ ಮಲಗಿ ಬಲಗಾಲನ್ನು ಎತ್ತುವುದು, ರಬ್ಬರ್ ಪಟ್ಟಿ ಕಟ್ಟಿ ಪಕ್ಕಕ್ಕೆ ಹೆಜ್ಜೆಯಿಡುವುದು, ಕೊನೆಗೆ ಒಂಟಿ ಕಾಲಿನ ವ್ಯಾಯಾಮಗಳು. ಮಗ್ಗುಲಲ್ಲಿ ಮಲಗಿ ಕಾಲೆತ್ತುವಾಗ ಕಾಲು ಮುಂದಕ್ಕೆ ಬಂದರೆ ಟೆನ್ಸರ್ ಫ್ಯಾಷಿಯಾ ಲೇಟಾ ಕೆಲಸವನ್ನು ಕಸಿದುಕೊಳ್ಳುತ್ತದೆ. ಹಿಮ್ಮಡಿಯನ್ನು ತುಸು ಹಿಂದಕ್ಕೆ ಇಟ್ಟುಕೊಂಡೇ ಎತ್ತಬೇಕು. ಆದರೆ ತೊಡೆಯನ್ನು ಪೂರ್ತಿ ಹಿಂದಕ್ಕೆ ಚಾಚುವ, ಕಾಲುಗಳನ್ನು ಅಡ್ಡಡ್ಡ ದಾಟಿಸುವ, ತೀರಾ ಆಳಕ್ಕೆ ಕುಕ್ಕರಿಸುವ ಭಂಗಿಗಳು ಸದ್ಯಕ್ಕೆ ಬೇಡ. ಜಿಗಿತವೂ ಓಟವೂ ಬೇಡ.

ವಾರಕ್ಕೆ ಎರಡು ಮೂರು ದಿನ, ನಡುವೆ ಬಿಡುವು ಕೊಟ್ಟು, ಭಾರವನ್ನು ಮೆಲ್ಲಗೆ ಏರಿಸುತ್ತ ಕನಿಷ್ಠ ಮೂರು ತಿಂಗಳು ಮಾಡಿದ ಬಳಿಕವೇ ಫಲದ ಮಾತು. ವ್ಯಾಯಾಮದ ಹೊತ್ತಿನಲ್ಲಿ ಹತ್ತರಲ್ಲಿ ಮೂರು ನಾಲ್ಕರಷ್ಟು ನೋವು ಇದ್ದರೆ ಅಡ್ಡಿಯಿಲ್ಲ, ಆದರೆ ಮರುದಿನ ಅದೇ ಹೊತ್ತಿಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಭಾರ ಹೆಚ್ಚಾಯಿತು ಎಂದರ್ಥ, ವ್ಯಾಯಾಮವೇ ತಪ್ಪೆಂದಲ್ಲ. ಈ ದಾರಿಯ ಅಪಾಯ ನೇರವಾಗಿ ಕಾಣುವಂಥದ್ದಲ್ಲ: ನೋವು ತಗ್ಗಿತೆಂಬ ಸಮಾಧಾನದಲ್ಲಿ ವರ್ಷಗಳು ಕಳೆದು, ಅಂಚಿನ ಮೃದ್ವಸ್ಥಿ ಸದ್ದಿಲ್ಲದೆ ಸವೆಯುತ್ತ ಹೋಗಬಹುದು. ಆದ್ದರಿಂದ ವ್ಯಾಯಾಮವನ್ನು ಆಯ್ದುಕೊಂಡವರೂ ವರ್ಷಕ್ಕೊಮ್ಮೆ ನಿಂತು ತೆಗೆದ ಎಕ್ಸ್‌ರೇಯನ್ನು ಹಳೆಯದರೊಂದಿಗೆ ಹೋಲಿಸಿಕೊಳ್ಳುವುದು ಒಳಿತು.

ಜತೆಗೆ ಎರಡು ಸಣ್ಣ ಉಪಾಯಗಳಿವೆ, ಇವುಗಳನ್ನು ಹೇಳಿದಾಗ ಯುವಜನರು ಮುಖ ಸಿಂಡರಿಸುತ್ತಾರೆ. ದೂರ ನಡೆಯಬೇಕಾದ ದಿನ ಎಡಗೈಯಲ್ಲಿ ಕೋಲು ಹಿಡಿಯಿರಿ. ನೋವಿನ ಎದುರು ಬದಿಯ ಕೈ ಕೀಲಿನಿಂದ ದೂರವಿರುವುದರಿಂದ ಕೋಲಿನ ಮೇಲಿನ ಅಲ್ಪ ಒತ್ತಡವೂ ಸ್ನಾಯುವಿನ ಎಳೆತವನ್ನು ಗಣನೀಯವಾಗಿ ಇಳಿಸುತ್ತದೆ. ಎರಡನೆಯದು ತೂಕ, ಅದು ನಿಮ್ಮಲ್ಲಿ ಹೆಚ್ಚಿದ್ದರೆ ಮಾತ್ರ. ಮೇಲಿನ ಲೆಕ್ಕವನ್ನೇ ಹಿಡಿದರೆ ಮೈಯಿಂದ ಇಳಿದ ಒಂದು ಕಿಲೋ, ಕೀಲಿನಿಂದ ಎರಡೂವರೆಯಿಂದ ಮೂರು ಕಿಲೋ ಇಳಿಸಿದಂತೆ. ರಾತ್ರಿ ಎಡ ಮಗ್ಗುಲಿಗೆ ಮಲಗಿ ಮಂಡಿಗಳ ನಡುವೆ ದಿಂಬು ಇಟ್ಟುಕೊಂಡರೆ ಹೊರಬದಿಯ ರಜ್ಜುವಿಗೆ ನಿರಾಳವಾಗುತ್ತದೆ.

ಹೊರಬದಿಯ ನೋವಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಕೆಲವು ವಾರ ಆರಾಮ ಸಿಗಬಹುದು. ಮತ್ತೆ ಮತ್ತೆ ಚುಚ್ಚಿಸಿಕೊಂಡರೆ ಮೊದಲೇ ಬಳಲಿದ ರಜ್ಜು ಇನ್ನಷ್ಟು ದುರ್ಬಲವಾಗುತ್ತದೆ. ನಾನಂತೂ ಇದನ್ನು ವ್ಯಾಯಾಮ ಆರಂಭಿಸಲೂ ಆಗದಷ್ಟು ನೋವಿದ್ದವರಿಗೆ ಒಮ್ಮೆ ಮಾತ್ರ ಕೊಡಲು ಒಪ್ಪುತ್ತೇನೆ.

ಲಾಬ್ರಮ್ ಹರಿದಿದೆಯಲ್ಲ, ಸಣ್ಣ ರಂಧ್ರದ ಮೂಲಕ ಅದನ್ನಷ್ಟೇ ಹೊಲಿದುಬಿಡೋಣ ಎಂಬ ಸಲಹೆಯೂ ನಿಮಗೆ ಬರಬಹುದು. ಆರ್ತ್ರೋಸ್ಕೋಪಿ ಒಳ್ಳೆಯ ತಂತ್ರವೇ, ಆದರೆ ನಿಮ್ಮಂಥ ಕೀಲಿನಲ್ಲಿ ಅದೊಂದನ್ನೇ ಮಾಡುವುದರ ಬಗ್ಗೆ ನನಗೆ ಗಂಭೀರ ಆಕ್ಷೇಪವಿದೆ. ಲಾಬ್ರಮ್ ಹರಿಯಲು ಕಾರಣವಾದ ಅತಿಭಾರ ಹಾಗೆಯೇ ಉಳಿಯುತ್ತದೆ. ಕೀಲಿನ ಕೋಶವನ್ನು ತೆರೆದು ಸರಿಯಾಗಿ ಮುಚ್ಚದಿದ್ದರೆ, ಅಥವಾ ‘ಬಿಗಿದ’ ಇಲಿಯೋಪ್ಸೋಸ್ ರಜ್ಜುವನ್ನು ಅದೇ ವೇಳೆ ಕತ್ತರಿಸಿ ಸಡಿಲಗೊಳಿಸಿದರೆ, ಕೀಲಿಗೆ ಮುಂದಿನಿಂದ ಉಳಿದಿದ್ದ ಆಸರೆಯೂ ಹೋಗಿ ಅದು ಜಾರತೊಡಗಬಹುದು. ಹಾಗಾದ ಕೀಲನ್ನು ಮತ್ತೆ ಭದ್ರಪಡಿಸುವುದು ಮೊದಲ ಚಿಕಿತ್ಸೆಗಿಂತ ಎಷ್ಟೋ ಕಷ್ಟ. ನಿಮ್ಮ ಕೋನಕ್ಕೆ ಇಲಿಯೋಪ್ಸೋಸ್ ಕತ್ತರಿಸುವ ಪ್ರಸ್ತಾಪ ಯಾರಿಂದಲೇ ಬಂದರೂ ಎರಡನೆಯ ಅಭಿಪ್ರಾಯ ಪಡೆಯದೆ ಒಪ್ಪಬೇಡಿ.

ನಿಮ್ಮ ಶಸ್ತ್ರವೈದ್ಯರು ಹೇಳಿದ್ದು ಪೆರಿಅಸೆಟಾಬುಲರ್ ಆಸ್ಟಿಯಾಟಮಿ. ಬರ್ನ್‌ನಲ್ಲಿ ರೈನ್‌ಹೋಲ್ಡ್ ಗಾಂಜ್ ಮತ್ತು ಸಂಗಡಿಗರು 1984ರಲ್ಲಿ ಆರಂಭಿಸಿದ ಈ ವಿಧಾನದಲ್ಲಿ ಬಟ್ಟಲಿನ ಸುತ್ತ ಮೂಳೆಯನ್ನು ಕತ್ತರಿಸಿ, ಇಡೀ ಬಟ್ಟಲನ್ನು ತಲೆಯ ಮೇಲೆ ಸರಿಯಾಗಿ ಕೂರುವಂತೆ ತಿರುಗಿಸಿ ಸ್ಕ್ರೂಗಳಿಂದ ಬಿಗಿಯುತ್ತಾರೆ. ಸ್ನಾಯುಗಳ ದೃಷ್ಟಿಯಿಂದ ಇದರ ದೊಡ್ಡ ಗುಣವೆಂದರೆ ಛಾವಣಿ ವಿಸ್ತಾರವಾಗುವುದರ ಜತೆಗೆ ಕೀಲಿನ ಕೇಂದ್ರವನ್ನು ಒಳಕ್ಕೂ ಸರಿಸಬಹುದು. ಆಗ ಮೇಲೆ ಹೇಳಿದ ತೋಳುಗಳ ಅನುಪಾತವೇ ಸುಧಾರಿಸುತ್ತದೆ. ಸ್ನಾಯು ಕತ್ತರಿಸುತ್ತಾರೆಂಬ ಭಯ ಹಲವರಿಗಿರುತ್ತದೆ. ಈಗ ಹೆಚ್ಚಾಗಿ ಮುಂದಿನಿಂದ ಒಳಹೋಗಿ ಹೊರಬದಿಯ ಗ್ಲೂಟಿಯಲ್ ಸ್ನಾಯುಗಳನ್ನು ಮೂಳೆಯಿಂದ ಬಿಡಿಸದೆಯೇ ಕೆಲಸ ಮುಗಿಸುತ್ತಾರೆ. ಆದರೆ ಮುಂದಿನ ಸ್ನಾಯುಗಳನ್ನು ಸರಿಸಬೇಕಾಗುವುದರಿಂದ ತೊಡೆ ಎತ್ತುವ ಬಲ ಕೆಲವು ತಿಂಗಳು ಚೆನ್ನಾಗಿಯೇ ಕುಗ್ಗಿರುತ್ತದೆ, ಕೆಲವರಲ್ಲಿ ಒಂದು ವರ್ಷದ ಬಳಿಕವೂ ಪೂರ್ತಿ ಮರಳಿರುವುದಿಲ್ಲ.

ಇದರ ಅಪಾಯಗಳನ್ನು ಯಾರೂ ಮುಚ್ಚಿಡಬಾರದು. ತೊಡೆಯ ಹೊರಭಾಗದ ಚರ್ಮದಲ್ಲಿ ಮರಗಟ್ಟುವಿಕೆ ಸಾಮಾನ್ಯ, ಬಹುತೇಕ ತೊಂದರೆ ಕೊಡದ ವಿಷಯ. ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ, ಸೋಂಕು, ಕತ್ತರಿಸಿದ ಮೂಳೆ ಕೂಡಿಕೊಳ್ಳದಿರುವುದು, ಅಪರೂಪಕ್ಕೆ ಕಾಲಿನ ಮುಖ್ಯ ನರಕ್ಕೆ ಪೆಟ್ಟು ಗಂಭೀರವಾದವು. ಬಟ್ಟಲನ್ನು ಅಗತ್ಯಕ್ಕಿಂತ ಹೆಚ್ಚು ತಿರುಗಿಸಿದರೆ ತೊಡೆ ಮಡಚುವಾಗ ಮೂಳೆಗೆ ಮೂಳೆ ತಾಗುವ ಹೊಸ ತೊಂದರೆ ಹುಟ್ಟುತ್ತದೆ. ಆರರಿಂದ ಎಂಟು ವಾರ ಊರುಗೋಲು ಬೇಕು, ಆ ಬಳಿಕ ತಿಂಗಳುಗಟ್ಟಲೆ ವ್ಯಾಯಾಮ. ಬರ್ನ್‌ನ ಮೊದಲ 75 ಕೀಲುಗಳನ್ನು ದೀರ್ಘಕಾಲ ಗಮನಿಸಿದಾಗ 20 ವರ್ಷಗಳ ಹೊತ್ತಿಗೆ ಸುಮಾರು 60 ಶೇಕಡಾ, 30 ವರ್ಷಗಳ ಹೊತ್ತಿಗೆ ಸುಮಾರು 29 ಶೇಕಡಾ ಕೀಲುಗಳು ಸ್ವಂತದ್ದಾಗಿಯೇ ಉಳಿದಿದ್ದವು. ತಂತ್ರ ಇನ್ನೂ ಕಲಿಕೆಯ ಹಂತದಲ್ಲಿದ್ದಾಗಿನ, ಆಗಲೇ ಸವೆದಿದ್ದ ಕೆಲವು ಕೀಲುಗಳೂ ಸೇರಿದ ಲೆಕ್ಕ ಇದು ಎಂಬುದನ್ನು ನೆನಪಿಡಿ. ಅದೇ ಸರಣಿಯಲ್ಲಿ ಫಲಿತಾಂಶವನ್ನು ಕೆಡಿಸಿದ ಅಂಶಗಳ ಪೈಕಿ ಹೆಚ್ಚಿದ ವಯಸ್ಸು ಮತ್ತು ಸವೆತದ ಜತೆಗೆ ಶಸ್ತ್ರಚಿಕಿತ್ಸೆಗೆ ಮುನ್ನವೇ ಇದ್ದ ಕುಂಟೂ ಒಂದು. ನಿಮ್ಮ ಸಂಜೆಯ ಕುಂಟನ್ನು ನಾನು ಹಗುರವಾಗಿ ತೆಗೆದುಕೊಳ್ಳದಿರುವುದು ಇದಕ್ಕಾಗಿಯೇ.

ಮುಂದೂಡಿದರೆ ನಷ್ಟವೇನು ಎಂಬುದಕ್ಕೆ ಇಲ್ಲಿ ಉತ್ತರ ಸಿಗುತ್ತದೆ. ಮೂರು ತಿಂಗಳೋ ಆರು ತಿಂಗಳೋ ಶ್ರದ್ಧೆಯಿಂದ ವ್ಯಾಯಾಮ ಮಾಡಲು ತೆಗೆದುಕೊಂಡರೆ ನಷ್ಟವಿಲ್ಲ, ಲಾಭವೇ ಇದೆ. ಬಲಗೊಂಡ ಸ್ನಾಯುವಿನೊಂದಿಗೆ ಶಸ್ತ್ರಚಿಕಿತ್ಸೆಗೆ ಹೋದವರಿಗೆ ಚೇತರಿಕೆಯ ಆರಂಭ ಸುಲಭ. ಏನೂ ಮಾಡದೆ ಹಲವು ವರ್ಷ ಕಳೆಯುವುದು ಮಾತ್ರ ಬೇರೆ ವಿಷಯ. 40 ದಾಟಿದ ಮೇಲೆ, ಅದಕ್ಕಿಂತ ಮಿಗಿಲಾಗಿ ಎಕ್ಸ್‌ರೇಯಲ್ಲಿ ಕೀಲಿನ ಸಂದು ಕಿರಿದಾದ ಮೇಲೆ, ಬಟ್ಟಲು ತಿರುಗಿಸುವುದರಿಂದ ಸಿಗುವ ಪ್ರಯೋಜನ ಕುಗ್ಗುತ್ತ ಹೋಗುತ್ತದೆ. ಆಮೇಲೆ ಉಳಿಯುವುದು ಕೃತಕ ಕೀಲು. ಅದು ನೋವನ್ನು ಬಹಳ ಚೆನ್ನಾಗಿ ಕಳೆಯುತ್ತದೆ, ಆದರೆ ಚಿಕ್ಕ ವಯಸ್ಸಿನಲ್ಲಿ ಹಾಕಿಸಿಕೊಂಡವರಿಗೆ ಮುಂದೆ ಇನ್ನೊಮ್ಮೆ ಬದಲಿಸಬೇಕಾಗುವ ಸಾಧ್ಯತೆ ಇರುತ್ತದೆ. ಅಲ್ಲದೆ ಹೊರಬದಿಯ ಸ್ನಾಯುಗಳು ಆ ವೇಳೆಗೆ ಕೊಬ್ಬು ತುಂಬಿ ಸೋತಿದ್ದರೆ, ಹೊಸ ಕೀಲು ಹಾಕಿದರೂ ಕುಂಟು ಪೂರ್ತಿ ಹೋಗುವುದಿಲ್ಲ.

ನಿಮ್ಮ ವಯಸ್ಸು, ಕೋನ, ಸವೆಯದ ಕೀಲು, ಎರಡು ವರ್ಷದ ನೋವು ಇವನ್ನೆಲ್ಲ ಒಟ್ಟಿಗೆ ನೋಡಿದರೆ ಬಟ್ಟಲು ತಿರುಗಿಸುವ ಶಸ್ತ್ರಚಿಕಿತ್ಸೆಗೆ ನೀವು ತಕ್ಕವರ ಸಾಲಿನಲ್ಲೇ ಇದ್ದೀರಿ. ಆದರೂ ನಾನು ಮೊದಲು ಮೂರು ತಿಂಗಳ ವ್ಯಾಯಾಮವನ್ನು, ಡಿಸ್‌ಪ್ಲೇಸಿಯಾ ಬಲ್ಲ ಫಿಸಿಯೋಥೆರಪಿಸ್ಟ್ ಒಬ್ಬರ ಕೈಕೆಳಗೆ, ಎಳೆಯುವ ವ್ಯಾಯಾಮಗಳನ್ನು ಪೂರ್ತಿ ಬಿಟ್ಟು, ಮಾಡಲು ಹೇಳುತ್ತೇನೆ. ಆರಂಭದಲ್ಲೂ ಕೊನೆಯಲ್ಲೂ ಎರಡೂ ಬದಿಯ ಸ್ನಾಯುಗಳ ಬಲವನ್ನು ಸಣ್ಣ ಅಳತೆಯ ಉಪಕರಣದಿಂದ ದಾಖಲಿಸಿರಲಿ, ಒಂಟಿ ಕಾಲಿನ 30 ಸೆಕೆಂಡಿನ ಪರೀಕ್ಷೆಯನ್ನು ಸಂಜೆ ಮಾಡಿರಲಿ. ಅಷ್ಟರಲ್ಲಿ ಶಸ್ತ್ರವೈದ್ಯರಲ್ಲಿ ಮೂರು ಸಂಗತಿ ಕೇಳಿ: ಬಟ್ಟಲಿನ ಮುಂದಿನ ಮುಚ್ಚಿಕೆಯನ್ನು ಓರೆ ಎಕ್ಸ್‌ರೇಯಲ್ಲಿ ನೋಡಿದ್ದಾರೆಯೇ, ತೊಡೆಮೂಳೆ ತಿರುಚಿಕೊಂಡಿರುವ ಕೋನವನ್ನು ಅಳೆದಿದ್ದಾರೆಯೇ, ಈ ಶಸ್ತ್ರಚಿಕಿತ್ಸೆಯನ್ನು ಅವರು ನಿಯಮಿತವಾಗಿ ಮಾಡುತ್ತಾರೆಯೇ. ಮೂರು ತಿಂಗಳ ಬಳಿಕ ಹೊರಬದಿಯ ನೋವು ಇಳಿದು ಕುಂಟು ನಿಂತಿದ್ದರೆ ಅವಸರವಿಲ್ಲ. ಬಲ ಹೆಚ್ಚಿಯೂ ತೊಡೆಸಂದಿನ ನೋವು ಇದ್ದಲ್ಲೇ ಇದ್ದರೆ, ಸ್ನಾಯು ತನ್ನಿಂದಾದಷ್ಟನ್ನು ಮಾಡಿಯಾಯಿತು, ಉಳಿದದ್ದು ಮೂಳೆಯ ಪಾಲಿನದು ಎಂದು ತಿಳಿದು ಶಸ್ತ್ರಚಿಕಿತ್ಸೆಯ ದಿನ ನಿಗದಿಪಡಿಸಿಕೊಳ್ಳಿ. ಈ ಮಧ್ಯೆ ಇದ್ದಕ್ಕಿದ್ದಂತೆ ಕಾಲೂರಲಾಗದ ನೋವು ಬಂದರೆ, ಕೀಲು ಸಿಕ್ಕಿಹಾಕಿಕೊಂಡಂತೆ ನಿಂತುಬಿಟ್ಟರೆ, ಜ್ವರದೊಂದಿಗೆ ನೋವು ಏರಿದರೆ, ಅಥವಾ ಕಾಲಿನಲ್ಲಿ ಹೊಸದಾಗಿ ಜೋಮು ಹಿಡಿದರೆ ಮೂರು ತಿಂಗಳ ಅವಧಿಯನ್ನು ಬದಿಗಿಟ್ಟು ಕೂಡಲೇ ವೈದ್ಯರನ್ನು ಕಾಣಬೇಕು.